ಫೌಂಡೇಶನ್ ಆರಿಸೋದು ಕತ್ತು ನೋಡಿ

ಮದುವೆ ಆಲ್ಬಮ್‌ನಲ್ಲಿ ಹುಡುಗಿಯ ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ ಕಂಡರೆ ಎಲ್ಲರೂ ಬೈಯೋದು ಮೇಕಪ್ ಮಾಡಿದವರನ್ನೇ. ಕೆಲವು ಸಲ ಅದು ಸರಿಯೇ. ಆದರೆ ಚಿಕ್ಕಮಗಳೂರಿನ ನಮ್ಮ ಪಾರ್ಲರ್‌ಗೆ ಮದುವೆಗೆ ಮುಂಚಿನ ಮೇಕಪ್ ಟ್ರಯಲ್‌ಗೆ ಬಂದ ಹುಡುಗಿಯ ಹಿಂದೆ ನಿಂತು ಅಮ್ಮನೋ ಚಿಕ್ಕಮ್ಮನೋ ಹೇಳುವ ಮೊದಲ ಮಾತು ಏನು ಗೊತ್ತಾ? "ಮೇಡಂ, ಸ್ವಲ್ಪ ಬೆಳ್ಳಗೆ ಕಾಣೋ ಹಾಗೆ ಮಾಡಿ." ತೊಂದರೆ ಶುರುವಾಗೋದು ಅಲ್ಲೇ.

ಮುಖದಲ್ಲಿ ಎಲ್ಲರಿಗೂ ಬಣ್ಣ ಒಂದೇ ಸಮ ಇರೋದಿಲ್ಲ. ಹಣೆ ಕಪ್ಪಾಗಿರುತ್ತದೆ, ಕೆನ್ನೆ ತಿಳಿಯಾಗಿರುತ್ತದೆ, ಬಾಯಿ ಸುತ್ತ ಇನ್ನೂ ಗಾಢ. ಅದನ್ನು ಸಮ ಮಾಡೋದಷ್ಟೇ ಫೌಂಡೇಶನ್ ಕೆಲಸ. ಬಾಟಲಿಯೊಳಗಿನ ಬಣ್ಣ ಹೆಚ್ಚಾಗಿ ನಾಲ್ಕು ಪುಡಿಗಳಿಂದ ಬರುತ್ತದೆ: ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್ ಮತ್ತು ಬಿಳಿಯ ಟೈಟಾನಿಯಂ ಡೈಆಕ್ಸೈಡ್. ಶೇಡ್ ತಿಳಿಯಾದಷ್ಟೂ ಬಿಳಿ ಪುಡಿ ಜಾಸ್ತಿ. ಎಣ್ಣೆಗೆಂಪು ಮೈಬಣ್ಣದ ಮೇಲೆ ಅಂಥದ್ದನ್ನು ಹಚ್ಚಿದರೆ ಬೂದಿ ಬಳಿದ ಹಾಗಾಗುತ್ತದೆ. ಮಂಟಪದ ಲೈಟ್ ಬಿದ್ದರಂತೂ ಕೇಳಲೇಬೇಡಿ.

ಶೇಡ್ ನೋಡೋಕೆ ಮುಂಗೈ ಮೇಲೆ ಹಚ್ಚಬೇಡಿ. ಕೈ ಬಣ್ಣವೇ ಬೇರೆ, ಮುಖದ್ದೇ ಬೇರೆ. ನಾನು ಹುಡುಗಿಯನ್ನು ಕಿಟಕಿ ಪಕ್ಕ ಕೂರಿಸಿ ಟ್ಯೂಬ್‌ಲೈಟ್ ಆರಿಸುತ್ತೇನೆ. ದವಡೆಯಿಂದ ಕತ್ತಿಗೆ ಇಳಿಯುವ ಹಾಗೆ ಮೂರು ಶೇಡ್‌ಗಳನ್ನು ಬೆರಳಗಲ ಗೆರೆಯಾಗಿ ಎಳೆಯುತ್ತೇನೆ. ಯಾವ ಗೆರೆ ಕಾಣದೆ ಹೋಗುತ್ತದೋ ಅದು ನಿಮ್ಮದು. ತಕ್ಷಣ ತೀರ್ಮಾನ ಬೇಡ. ಚರ್ಮದ ಜಿಡ್ಡು ಸೇರಿದ ಮೇಲೆ ಕೆಲವು ಫೌಂಡೇಶನ್ ಒಂದು ಶೇಡ್ ಗಾಢವಾಗುತ್ತವೆ. ಅಂಗಡಿಯಲ್ಲಿ ಹಚ್ಚಿಸಿಕೊಂಡಿದ್ದರೆ ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಕಾಫಿ ಕುಡಿದು, ಬಿಸಿಲಲ್ಲಿ ಕನ್ನಡಿ ನೋಡಿ ಆಮೇಲೆ ದುಡ್ಡು ಕೊಡಿ.

ಇನ್ನು ಅಂಡರ್‌ಟೋನ್, ಅಂದರೆ ಚರ್ಮದೊಳಗಿನ ಛಾಯೆ. ಇಬ್ಬರು ಅಕ್ಕತಂಗಿಯರು ಒಂದೇ ಗೋಧಿ ಬಣ್ಣ ಇದ್ದರೂ ಒಬ್ಬಳ ಚರ್ಮದೊಳಗೆ ಹಳದಿ ಛಾಯೆ, ಇನ್ನೊಬ್ಬಳದ್ದರಲ್ಲಿ ಕೆಂಪು ಛಾಯೆ ಇರಬಹುದು. ಕೆಲವರದ್ದು ಸ್ವಲ್ಪ ಹಸಿರು ಬೆರೆತ ಹಾಗೆ. ಮಣಿಕಟ್ಟಿನ ನರ ನೋಡಿ ಹೇಳುವ ಉಪಾಯವನ್ನು ನಾನು ನಂಬೋದಿಲ್ಲ, ಕಂದು ಚರ್ಮದಲ್ಲಿ ನರವೇ ಸರಿಯಾಗಿ ಕಾಣೋಲ್ಲ. ತೊಳೆದ ಮುಖದ ಪಕ್ಕ ಬಿಳಿ ಟವೆಲ್ ಹಿಡಿದು ನೋಡಿದರೆ ಸಾಕು. ಡಬ್ಬಿ ಮೇಲಿನ ಅಕ್ಷರಗಳನ್ನೂ ಕಣ್ಣು ಮುಚ್ಚಿ ನಂಬಬೇಡಿ, ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ. ಬೇರೆಡೆ 'ಸಿ' ಅಂದರೆ ಸಾಮಾನ್ಯವಾಗಿ ಕೆಂಪು ಛಾಯೆಯವರಿಗೆ. ಮ್ಯಾಕ್ ಕಂಪನಿಯ 'ಎನ್‌ಸಿ' ಹಳದಿ ಛಾಯೆಯವರಿಗೆ!

ನಮ್ಮ ಕಡೆಯ ಎರಡು ವಿಷಯ ಯಾವ ವಿಡಿಯೋದಲ್ಲೂ ಹೇಳೋದಿಲ್ಲ. ಒಂದು, ಮುಳ್ಳಯ್ಯನಗಿರಿಯ ಪ್ರೀ ವೆಡ್ಡಿಂಗ್ ಶೂಟ್. ಮಂಜು ಮುಸುಕಿದೆ, ಚಳಿಯಿದೆ, ಸನ್‌ಸ್ಕ್ರೀನ್ ಯಾಕೆ ಅಂತಾರೆ. ಮೋಡದೊಳಗಿಂದಲೂ ಅಲ್ಟ್ರಾವಯೊಲೆಟ್ ಕಿರಣ ಇಳಿಯುತ್ತದೆ. ಸಾವಿರ ಮೀಟರ್ ಮೇಲೇರಿದರೆ ಅದು ಶೇಕಡಾ 10ರಷ್ಟು ಹೆಚ್ಚುತ್ತದೆ, ಆ ಬೆಟ್ಟವೋ 1,900 ಮೀಟರ್ ದಾಟಿದೆ. ಟ್ರಯಲ್ ಮುಗಿಸಿ ಶೂಟ್‌ಗೆ ಹೋದರೆ ಮುಖ ಕಪ್ಪಾಗಿ, ಆರಿಸಿದ ಶೇಡ್ ಮದುವೆ ದಿನ ಹೊಂದೋದಿಲ್ಲ. ಶೂಟ್ ಮೊದಲು, ಟ್ರಯಲ್ ಆಮೇಲೆ.

ಇನ್ನೊಂದು, ಅರಿಶಿನ ಶಾಸ್ತ್ರ. ಮರುದಿನ ಕಿವಿ ಹಿಂದೆ, ಕತ್ತಿನ ಗೆರೆಗಳಲ್ಲಿ ಹಳದಿ ಉಳಿದಿರುತ್ತದೆ. ಸೋಪು ಹಾಕಿ ಉಜ್ಜಿದರೆ ಚರ್ಮ ಕೆಂಪಾಗುತ್ತದೆಯೇ ಹೊರತು ಬಣ್ಣ ಪೂರ್ತಿ ಹೋಗೋದಿಲ್ಲ. ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ಒರೆಸಿ, ಅರಿಶಿನದ ಬಣ್ಣ ಎಣ್ಣೆಗೆ ಬಿಡುತ್ತದೆ. ನಾನಂತೂ ಸ್ವಲ್ಪ ಹಳದಿ ಜಾಸ್ತಿ ಇರುವ ಇನ್ನೊಂದು ಫೌಂಡೇಶನ್ ಬಾಟಲಿ ಜೊತೆಗಿಟ್ಟುಕೊಂಡು ಅಂದಾಜು ನೋಡಿ ಬೆರೆಸುತ್ತೇನೆ.

ಕೆಲವರ ಕತ್ತೇ ಮುಖಕ್ಕಿಂತ ಕಪ್ಪಾಗಿ, ದಪ್ಪಗೆ, ಮಖಮಲ್ಲಿನಂತೆ ಇರುತ್ತದೆ. ಆಗ ಎದೆಯ ಮೇಲ್ಭಾಗದ ಬಣ್ಣ ನೋಡಿ ಆರಿಸಬೇಕು. ಕತ್ತು ಹಾಗಿರೋದು ಇನ್ಸುಲಿನ್ ತೊಂದರೆಯ ಗುರುತೂ ಆಗಿರಬಹುದು, ಒಮ್ಮೆ ಡಾಕ್ಟರಿಗೆ ತೋರಿಸಿ. ಉಜ್ಜಿ ತೆಗೆಯುವ ಕೊಳೆ ಅದಲ್ಲ.

ಟ್ರಯಲ್‌ಗೆ ಬರುವಾಗ ಮುಖಕ್ಕೆ ಪೌಡರ್ ಬೇಡ. ಚಳಿ ಅಂತ ಹೈನೆಕ್ ಸ್ವೆಟರ್ ಹಾಕ್ಕೊಂಡೂ ಬರಬೇಡಿ, ಕತ್ತು ಕಾಣದಿದ್ದರೆ ನಾನು ಶೇಡ್ ನೋಡೋದು ಹೇಗೆ?