ಎಚ್‌ಒಡಿ ಮನಸ್ಸು ಮಾಡಿದರೆ ಬಡ್ತಿ ತಡೆಯಬಹುದಾ?

ಪ್ರಶ್ನೆ: ಬಳ್ಳಾರಿಯಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ಮುಂದಿನ ವರ್ಷ ನನ್ನ ಮೊದಲ ಸಿಎಎಸ್ (ವೃತ್ತಿ ಮುನ್ನಡೆ ಯೋಜನೆ) ಬಡ್ತಿ. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರ ಮಾತು ಅದರಲ್ಲಿ ಎಷ್ಟು ನಡೆಯುತ್ತದೆ?

ಒಬ್ಬರೇ ತಡೆಯೋಕೆ ಆಗುವುದಿಲ್ಲ. ಆದರೆ ಅವರು ನೋಡಿ ಸಹಿ ಹಾಕದೆ ನಿಮ್ಮ ಫೈಲ್ ಮುಂದೆ ಹೋಗುವುದೂ ಕಷ್ಟ.

ಮೊದಲು ಸಮಿತಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದ ಪ್ರಕಾರ, ವಿಶ್ವವಿದ್ಯಾಲಯಗಳಲ್ಲಿ ವೇತನ ಹಂತ 10ರಿಂದ 11ಕ್ಕೆ, ಅಂದರೆ ಈ ಮೊದಲ ಬಡ್ತಿಗೆ ಹೋಗುವಾಗ ನಿಮ್ಮ ಫೈಲ್ ನೋಡುವವರು ನಾಲ್ವರು: ಕುಲಪತಿ ಅಥವಾ ಅವರು ಕಳಿಸಿದವರು, ಡೀನ್, ಎಚ್‌ಒಡಿ ಮತ್ತು ಒಬ್ಬ ವಿಷಯ ತಜ್ಞರು. ಅಲ್ಲಿ ಎಚ್‌ಒಡಿಯದು ನಾಲ್ಕರಲ್ಲಿ ಒಂದು ದನಿ, ಅಷ್ಟೇ.

ಅವರ ಪಾತ್ರ ದೊಡ್ಡದಾಗಿರುವುದು ಅದಕ್ಕೂ ಮುಂಚೆ, ಪ್ರತಿ ವರ್ಷದ ಕೊನೆಗೆ. ನೀವು ಬರೆದ ಸ್ವಯಂ ಮೌಲ್ಯಮಾಪನ ವರದಿ ಅವರ ಮೂಲಕವೇ ಹೋಗಬೇಕು. ಅದರ ದಾಖಲೆಗಳನ್ನು ಪರಿಶೀಲಿಸುವವರೂ ಅವರೇ. ಬಹಳ ಜನ ಸಮಿತಿ ಕೂರುವ ದಿನಕ್ಕೆ ಹೆದರುತ್ತಾರೆ, ಈ ವರದಿಯನ್ನು ಮಾತ್ರ ಸುಮ್ನೆ ಒಂದು ಫಾರಂ ಅಂದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಇಲ್ಲೇ.

ಲೆಕ್ಕ ಹೀಗಿದೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ವರ್ಷಕ್ಕೆ 30 ವಾರ ಅಂದರೆ 480 ಗಂಟೆ. ಕೊಟ್ಟ ಕ್ಲಾಸುಗಳಲ್ಲಿ ಶೇ. 80 ಅಥವಾ ಜಾಸ್ತಿ ತೆಗೆದುಕೊಂಡರೆ ‘ಉತ್ತಮ’, 70ರಿಂದ 80ರೊಳಗೆ ‘ತೃಪ್ತಿಕರ’, 70ಕ್ಕಿಂತ ಕಡಿಮೆಯಾದರೆ ‘ತೃಪ್ತಿಕರವಲ್ಲ’. ಹಾಗಾಗಿ 384 ಗಂಟೆ ಮುಟ್ಟಿದರೆ ಪಾಠದ ಮಟ್ಟಿಗೆ ನೀವು ನಿಶ್ಚಿಂತೆ. ಇದರಲ್ಲಿ ಎಚ್‌ಒಡಿಯ ಇಷ್ಟ, ಕೋಪ ಯಾವುದಕ್ಕೂ ಜಾಗವಿಲ್ಲ. ಟೈಮ್‌ಟೇಬಲ್ ಮತ್ತು ಹಾಜರಿ ಪುಸ್ತಕವೇ ಸಾಕ್ಷಿ.

ಹೆರಿಗೆ ರಜೆ ಹಾಕಿದವರು ಇದನ್ನು ಗಮನಿಸಿ. ಆ ತಿಂಗಳುಗಳನ್ನು ಲೆಕ್ಕಕ್ಕೇ ಹಿಡಿಯುವಂತಿಲ್ಲ. ಶಿಶುಪಾಲನೆ, ಅಧ್ಯಯನ, ವೈದ್ಯಕೀಯ ರಜೆಗಳಿಗೂ ಅಷ್ಟೇ. ಉಳಿದ ಅವಧಿಯ ಕೆಲಸ ನೋಡಿ ಇಡೀ ಅವಧಿಗೆ ದರ್ಜೆ ಕೊಡಬೇಕು. ರಜೆಯಿಂದ ಬಡ್ತಿಗೆ ತೊಂದರೆ ಆಗಬಾರದು ಎಂದು ನಿಯಮದಲ್ಲೇ ಬರೆದಿದೆ.

ಹೋದ ಬೇಸಿಗೆಯಲ್ಲಿ ಗೆಳತಿಯೊಬ್ಬರ ಮನೆಯಲ್ಲಿ ಫೈಲ್ ಜೋಡಿಸಲು ಕೂತಿದ್ದೆ. ಬಳ್ಳಾರಿ ಬಿಸಿಲಿಗೆ ಫ್ಯಾನ್ ಆರಿಸುವ ಹಾಗಿಲ್ಲ, ಹಾಕಿದರೆ ಹಾಳೆ ಹಾರುತ್ತವೆ. ಒಂದೊಂದು ವರ್ಷದ ಕಟ್ಟಿನ ಮೇಲೂ ಒಂದೊಂದು ಸ್ಟೀಲ್ ಲೋಟ ಇಟ್ಟಿದ್ದರು. ಮೂರನೇ ಲೋಟದ ಕೆಳಗಿನ ವರದಿಯಲ್ಲಿ ಎಚ್‌ಒಡಿ ಸಹಿಯೇ ಇರಲಿಲ್ಲ. ಆಗಿನ ಎಚ್‌ಒಡಿ ನಿವೃತ್ತರಾಗಿದ್ದರು. ಕೊನೆಗೆ ಹಳೆಯ ಹಾಜರಿ ಪುಸ್ತಕಗಳನ್ನು ಬೀರುವಿನಿಂದ ತೆಗೆಸಿ, ಈಗಿನ ಎಚ್‌ಒಡಿಯ ಎದುರು ಒಂದೊಂದೇ ಪುಟ ತಾಳೆ ನೋಡಿಸಬೇಕಾಯಿತು. ಎರಡು ವಾರ ಅದರಲ್ಲೇ ಹೋಯಿತು.

ಕೊಪ್ಪಳ ವಿಶ್ವವಿದ್ಯಾಲಯ ಶುರುವಾಗಿದ್ದೇ 2023ರಲ್ಲಿ, ರಾಯಚೂರಿನದೂ ಹೊಸದು. ಇಂಥ ಕಡೆ ಎಚ್‌ಒಡಿ ಕುರ್ಚಿ ನಾಳೆ ನಿಮಗೇ ಬರಬಹುದು ಅಲ್ವಾ? ಬಂದಾಗ ವರದಿಗಳನ್ನು ಮೇಜಿನ ಮೇಲೆ ಕೊಳೆಯಲು ಬಿಡಬೇಡಿ. ದರ್ಜೆ ಕಡಿಮೆ ಅನ್ನಿಸಿದರೆ ಕಾರಣ ಬರೆದು, ವರದಿ ಕೊಟ್ಟವರಿಗೆ ತಿಳಿಸಿ. ದೇವ್ ದತ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ವಾರ್ಷಿಕ ವರದಿಯ ಪ್ರತಿ ಷರಾವನ್ನೂ ನೌಕರರಿಗೆ ತಿಳಿಸಬೇಕು. ಇಂಜಿನಿಯರ್ ಆಗಿದ್ದ ದೇವ್ ದತ್ ಅವರಿಗೆ ಸಿಕ್ಕಿದ್ದು ‘ಉತ್ತಮ’. ಬಡ್ತಿಗೆ ಬೇಕಿದ್ದುದು ‘ಬಹಳ ಉತ್ತಮ’. ಅದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ನಿಮಗೆ ಈಗ ಮಾಡಲು ಇರುವುದು ಇಷ್ಟು. ಹಿಂದಿನ ವರ್ಷಗಳ ವರದಿಗಳನ್ನು ಈ ವಾರವೇ ತೆಗೆದು, ಪ್ರತಿಯೊಂದರಲ್ಲೂ ಸಹಿ ಇದೆಯಾ ನೋಡಿ. ಈ ವರ್ಷದ್ದನ್ನು ಕೈಗೆ ಕೊಡಬೇಡಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಅರ್ಜಿಯನ್ನು ಬಡ್ತಿಯ ದಿನಾಂಕಕ್ಕೆ ಮೂರು ತಿಂಗಳು ಮುಂಚೆಯೇ ಕೊಡಬಹುದು. ಒಮ್ಮೆ ತಿರಸ್ಕಾರವಾದರೆ ಮರು ಮೌಲ್ಯಮಾಪನಕ್ಕೆ ಒಂದು ವರ್ಷ ಕಾಯಬೇಕಾಗುತ್ತದೆ.