ಅಥೆನ್ಸ್‌ನಲ್ಲಿ ಪ್ರಜಾಪ್ರಭುತ್ವ ಹುಟ್ಟಿದ ಜಾಗ ಯಾವುದು?

ಪ್ರಶ್ನೆ: ಈ ರಜೆಗೆ ಮನೆಮಂದಿಯೆಲ್ಲ ಅಥೆನ್ಸ್‌ಗೆ ಹೊರಟಿದ್ದೇವೆ. ಮಗಳು ಎಂಟನೇ ತರಗತಿ, ಮಗ ಐದನೇ ತರಗತಿ. ಪ್ರಜಾಪ್ರಭುತ್ವ ಹುಟ್ಟಿದ ಜಾಗವನ್ನು ಇಬ್ಬರಿಗೂ ತೋರಿಸಬೇಕೆಂಬ ಆಸೆ. ಆಕ್ರೊಪೊಲಿಸ್ ನೋಡಿದರೆ ಸಾಕೇ?

ಉತ್ತರ: ಸಾಲದು. ಆಕ್ರೊಪೊಲಿಸ್ ಖಂಡಿತ ನೋಡಿ. ಆದರೆ ಅದು ದೇವಸ್ಥಾನಗಳ ಗುಡ್ಡ. ಪಾರ್ಥೆನಾನ್ ಅಥೇನಾ ದೇವಿಯ ಗುಡಿ. ಆ ಗುಡಿಗೆ ಹಣ ಮಂಜೂರು ಮಾಡಿದ ಜನಸಭೆ ಸೇರುತ್ತಿದ್ದದ್ದು ಪಶ್ಚಿಮಕ್ಕಿರುವ ಪ್ನಿಕ್ಸ್ ಎಂಬ ಬೋಳು ಗುಡ್ಡದ ಮೇಲೆ. ಆಕ್ರೊಪೊಲಿಸ್‌ನಿಂದ ಹತ್ತು ಹದಿನೈದು ನಿಮಿಷದ ನಡಿಗೆ, ಅಷ್ಟೇ. ಪ್ರವಾಸಿಗರಲ್ಲಿ ಹೆಚ್ಚಿನವರು ಅತ್ತ ತಲೆಯನ್ನೇ ಹಾಕುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಪ್ನಿಕ್ಸ್‌ನಲ್ಲಿ ಬಂಡೆಯಲ್ಲೇ ಕಡೆದ ಒಂದು ವೇದಿಕೆ ಇದೆ. ಈಗ ಕಾಣುವುದು ಕ್ರಿ.ಪೂ. 4ನೇ ಶತಮಾನದ್ದು, ಅದಕ್ಕೂ ನೂರು ವರ್ಷ ಹಿಂದೆ ಅಥೆನ್ಸ್‌ನ ಹೆಸರಾಂತ ನಾಯಕ ಪೆರಿಕ್ಲಿಸ್ ಮಾತಾಡಿದ್ದೂ ಇದೇ ಗುಡ್ಡದಲ್ಲಿ. ಮುಖ್ಯ ವಿಷಯಗಳಿಗೆ ಕನಿಷ್ಠ 6000 ಮಂದಿ ಸೇರಬೇಕಿತ್ತು. "ಯಾರು ಮಾತಾಡಲು ಬಯಸುತ್ತೀರಿ?" ಎಂದು ಡಂಗುರದವನು ಕೂಗುತ್ತಿದ್ದ. ಚಮ್ಮಾರನೂ ಎದ್ದು ಬರಬಹುದಿತ್ತು.

ಆದರೆ ಮಕ್ಕಳಿಗೆ ನಿಜಕ್ಕೂ ಹಿಡಿಸುವುದು ಕೆಳಗಿನ ಅಗೋರಾ, ಅಂದರೆ ಹಳೆಯ ಸಂತೆ ಮತ್ತು ಕಚೇರಿಗಳ ಬಯಲು. ಅಲ್ಲಿ 1950ರ ದಶಕದಲ್ಲಿ ಮರಳಿ ಕಟ್ಟಿದ ಅಟಾಲಸ್ ಕಂಬಸಾಲು ಎಂಬ ಉದ್ದನೆಯ ಕಟ್ಟಡ ಇದೆ, ಅದರೊಳಗೆ ವಸ್ತುಸಂಗ್ರಹಾಲಯ. ಆಳಿಕೆಯ ಸಾಮಾನುಗಳೆಲ್ಲ ಅಲ್ಲಿವೆ.

ಮೊದಲು ಅಮೃತಶಿಲೆಯ ಒಂದು ಒಡೆದ ಚಪ್ಪಡಿಯನ್ನು ಹುಡುಕಿ. ಅದು ಚೀಟಿ ಎತ್ತಿದಂತೆ ಅದೃಷ್ಟದಿಂದ ಜನರನ್ನು ಆರಿಸುವ ಸಾಧನ. ಸಾಲುಸಾಲಾಗಿ ಸಣ್ಣ ಸೀಳುಗಳಿವೆ. ನಾಗರಿಕರು ತಮ್ಮ ಹೆಸರು ಬರೆದ ಚಿಕ್ಕ ತೆಳು ಬಿಲ್ಲೆಯನ್ನು ಅದರಲ್ಲಿ ಸಿಕ್ಕಿಸುತ್ತಿದ್ದರು. ಪಕ್ಕದ ಕೊಳವೆಯಿಂದ ಗುಂಡುಗಳನ್ನು ಒಂದೊಂದಾಗಿ ಬೀಳಿಸುತ್ತಿದ್ದರು: ಬಿಳಿ ಬಂದರೆ ಆ ಅಡ್ಡಸಾಲಿನವರೆಲ್ಲ ಆ ದಿನ ನ್ಯಾಯಾಧೀಶರು, ಕಪ್ಪು ಬಂದರೆ ಮನೆಗೆ. ಈ ವ್ಯವಸ್ಥೆಗೆ ಬುನಾದಿ ಹಾಕಿದ ನಾಯಕ ಕ್ಲೈಸ್ಥೆನಿಸ್, ಕ್ರಿ.ಪೂ. 508-07ರಲ್ಲಿ ಕರಾವಳಿ, ಒಳನಾಡು, ನಗರ ಮೂರೂ ಕಡೆಯವರನ್ನು ಬೆರೆಸಿ 10 ಪಂಗಡ ಮಾಡಿದ. ಹಳೆಯ ಮನೆತನಗಳ ಹಿಡಿತ ಸಡಿಲಿಸುವ ಉಪಾಯವದು. ಪಂಗಡಕ್ಕೆ 50ರಂತೆ 500 ಮಂದಿಯ ಆಡಳಿತ ಮಂಡಳಿ. ಮುಂದೆ ಅವರನ್ನೂ ವರ್ಷಾವರ್ಷ ಆರಿಸುತ್ತಿದ್ದದ್ದು ಚೀಟಿ ಎತ್ತಿಯೇ. ಸೇನಾಪತಿಯಂಥ ಕೆಲವೇ ಹುದ್ದೆಗಳಿಗೆ ಚುನಾವಣೆ. ಚುನಾವಣೆಯಲ್ಲಿ ಹೆಸರುವಾಸಿಗಳೇ ಗೆಲ್ಲುತ್ತಾರೆ, ಚೀಟಿಗೆ ಎಲ್ಲರೂ ಸಮ ಎಂಬುದು ಅವರ ನಂಬಿಕೆ. ಚುನಾವಣೆಯೇ ಪ್ರಜಾಪ್ರಭುತ್ವ ಎಂದು ಶಾಲೆಯಲ್ಲಿ ಓದಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ, ಪ್ರಶ್ನೆಗಳ ಸುರಿಮಳೆಯಾಗುತ್ತದೆ.

ನ್ಯಾಯಾಲಯದ ಕಂಚಿನ ಮತಬಿಲ್ಲೆಗಳೂ ಇವೆ. ನಡುವೆ ಸಣ್ಣ ಕಡ್ಡಿ. ಟೊಳ್ಳಾದರೆ ಆರೋಪಿಗೆ ವಿರುದ್ಧ, ಗಟ್ಟಿಯಾದರೆ ಪರ. ಎರಡೂ ತುದಿಯನ್ನು ಬೆರಳಿಂದ ಮುಚ್ಚಿ ಹಿಡಿದರೆ ಯಾವುದನ್ನು ಹಾಕಿದಿರೆಂದು ಪಕ್ಕದವನಿಗೂ ತಿಳಿಯದು.

ಮಡಕೆ ಚೂರುಗಳನ್ನು ಬಿಡಬೇಡಿ. ಯಾರು ಅತಿಯಾಗಿ ಬಲಿತರೋ ಅವರ ಹೆಸರನ್ನು ಚೂರಿನ ಮೇಲೆ ಕೆತ್ತಿ ಮತ ಹಾಕಿ, ಹೆಚ್ಚು ಚೂರು ಬಿದ್ದವನನ್ನು 10 ವರ್ಷ ಊರಾಚೆ ಕಳಿಸುತ್ತಿದ್ದರು. ಕ್ರಿ.ಪೂ. 480ರಲ್ಲಿ ಸಲಾಮಿಸ್ ದ್ವೀಪದ ಬಳಿ ಪರ್ಷಿಯನ್ನರ ನೌಕಾಪಡೆಯನ್ನು ಮುರಿದ ಥೆಮಿಸ್ಟೊಕ್ಲಿಸ್‌ಗೂ ಅದೇ ಗತಿಯಾಯಿತು. ಅವನ ಹೆಸರಿದ್ದ 190 ಚೂರುಗಳು ಆಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಬಾವಿಯಲ್ಲಿ ಸಿಕ್ಕವು. ನೋಡಿದರೆ, ಬರಹ ಕೆಲವೇ ಕೈಗಳದ್ದು! ವಿರೋಧಿಗಳು ಮೊದಲೇ ಬರೆಸಿಟ್ಟು ಹಂಚಲು ತಂದಿರಬೇಕು ಎನ್ನುತ್ತಾರೆ ವಿದ್ವಾಂಸರು.

ಇನ್ನೊಂದು ಮಾತು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಮತವಿರಲಿಲ್ಲ. ಊರಿನ ಸಂಪತ್ತಿಗೆ ಆಧಾರವಾಗಿದ್ದ ಲಾವ್ರಿಯೊನ್‌ನ ಬೆಳ್ಳಿ ಗಣಿಗಳಲ್ಲಿ ದುಡಿದದ್ದು ಗುಲಾಮರೇ. ನಿಮ್ಮ ಮಗಳು ಪ್ನಿಕ್ಸ್‌ನಲ್ಲಿ ನಿಂತಾಗ, ಅಂದಿನ ಸಭೆಯಲ್ಲಿ ಆಕೆಗೆ ಜಾಗವೇ ಇರುತ್ತಿರಲಿಲ್ಲ ಎಂದು ಹೇಳಿ. ಆ ಕಾರಣಕ್ಕೆ ಅಥೆನ್ಸ್ ಸಣ್ಣದಾಗುವುದಿಲ್ಲ, ಆದರೆ ಅರ್ಧ ಕಥೆ ಹೇಳಿ ಕರೆತರುವುದು ಸರಿಯಲ್ಲ.

ಬೇಸಿಗೆಯಲ್ಲಿ ಹೋಗುವುದಾದರೆ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಆಕ್ರೊಪೊಲಿಸ್ ಮುಗಿಸಿ. ಮಧ್ಯಾಹ್ನ ಅಲ್ಲಿನ ಬಿಸಿಲು ಮಕ್ಕಳಿಗೆ ಆಗದು. ಬಿಸಿಲೇರಿದ ಮೇಲೆ ಅಗೋರಾದ ಕಂಬಸಾಲಿನ ನೆರಳಿಗೆ ಇಳಿಯಿರಿ. ಪ್ನಿಕ್ಸ್‌ಗೆ ಟಿಕೆಟ್ ಬೇಕಿಲ್ಲ, ಸಭೆ ಸೇರುತ್ತಿದ್ದ ಬಯಲಲ್ಲಿ ನೆರಳೂ ಇಲ್ಲ. ಅದನ್ನು ಸಂಜೆಗೆ ಇಟ್ಟುಕೊಳ್ಳಿ, ನೀರಿನ ಬಾಟಲಿ ಜೊತೆಗಿರಲಿ.