ಟೆಕ್ಸ್ಚರ್ ಅಂದ್ರೆ ಏನು? ಗೇಮಿನ ಬಣ್ಣ ಬದಲಿಸಲು ಹೊರಟವರಿಗೆ

ನಮ್ಮ ಪಕ್ಕದ ಮನೆ ಹುಡುಗ ಮೊಬೈಲಿನಲ್ಲಿ ಬಸ್ಸು ಓಡಿಸುತ್ತಾನೆ. ಗೇಮಿನ ಹೆಸರು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ರಸ್ತೆ ಅಲ್ಲಿಯದು, ಊರುಗಳು ಅಲ್ಲಿಯವು. ಬಸ್ಸಿನ ಮೈಮೇಲೆ ಮಾತ್ರ ನಮ್ಮ ಕೆಂಪು ಬಣ್ಣ, ‘ಕರ್ನಾಟಕ ಸಾರಿಗೆ’ ಅನ್ನೋ ಅಕ್ಷರ. ‘ಇದನ್ನ ಹೇಗೆ ಮಾಡಿದೆಯೋ?’ ಎಂದು ಕೇಳಿದೆ. ‘ಏನಿಲ್ಲ ಅಂಕಲ್, ಲಿವರಿ ಹಾಕಿದೆ’ ಎಂದ. ಬಸ್ಸಿನವರು ಲಿವರಿ ಅನ್ನುತ್ತಾರೆ, ಗನ್ನು ಹಿಡಿದು ಆಡುವವರು ಸ್ಕಿನ್ ಅನ್ನುತ್ತಾರೆ. ಎರಡೂ ಹೆಚ್ಚುಕಡಿಮೆ ಟೆಕ್ಸ್ಚರ್ ಕೆಲಸವೇ.

ಈ ಪದ ಬಂದಿದ್ದು ಮಗ್ಗದಿಂದ. ಲ್ಯಾಟಿನ್‌ನಲ್ಲಿ ‘ಟೆಕ್ಸೆರೆ’ ಅಂದರೆ ನೇಯುವುದು. ಟೆಕ್ಸ್‌ಟೈಲ್ ಅನ್ನುವ ಪದವೂ ಅದೇ ಬೇರಿನದು. ಮೊದಲು ಬಟ್ಟೆಯ ನೇಯ್ಗೆಗೆ ಇದ್ದ ಮಾತು, ಆಮೇಲೆ ಯಾವುದೇ ವಸ್ತುವಿನ ಮೈ ನುಣುಪೋ ಒರಟೋ ಎಂದು ಹೇಳಲೂ ಬಳಕೆಗೆ ಬಂತು. ಗೇಮಿನಲ್ಲಿ ಅದರ ಅರ್ಥ ಇನ್ನೂ ಸರಳ: ಮೂರು ಆಯಾಮದ ಒಂದು ಆಕಾರದ ಮೇಲೆ ಅಂಟಿಸಿದ ಚಪ್ಪಟೆ ಚಿತ್ರ. ನಿಮ್ಮ ಫೋನಿನಲ್ಲಿರುವ ಫೋಟೋದ ಹಾಗೇ ಅದೂ ಒಂದು ಚಿತ್ರದ ಫೈಲು, ಅಷ್ಟೇ.

ಚೌತಿ ಹತ್ತಿರ ಬಂದಾಗ ಗಣಪತಿ ಮಾಡುವವರ ಮನೆಗೆ ಹೋಗಿದ್ದೀರಲ್ವಾ? ಒಂದೇ ಅಚ್ಚಿನಿಂದ ತೆಗೆದ ಹತ್ತು ಮಣ್ಣಿನ ಗಣಪ ಸಾಲಾಗಿ ಕೂತಿರುತ್ತಾರೆ. ಒಬ್ಬನಿಗೆ ಹಳದಿ ಪಂಚೆ, ಇನ್ನೊಬ್ಬನಿಗೆ ಹಸಿರು. ಆ ಮಣ್ಣಿನ ಆಕಾರಕ್ಕೆ ಗೇಮಿನವರು ಮಾಡೆಲ್ ಅನ್ನುತ್ತಾರೆ. ಮೇಲಿನ ಬಣ್ಣ ಟೆಕ್ಸ್ಚರ್. ಬಣ್ಣ ಬದಲಿಸಿದರೆ ಸೊಂಡಿಲು ಆ ಕಡೆಯಿಂದ ಈ ಕಡೆಗೆ ತಿರುಗುವುದಿಲ್ಲ. ಹೊಸಬರು ಎಡವುವುದು ಬಹುಪಾಲು ಇಲ್ಲೇ.

ಆಕಾರದ ಮೇಲೆ ಚಿತ್ರ ಹೊದಿಸುವ ಈ ಉಪಾಯ ಹಳೆಯದು. ಎಡ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ತೋರಿಸಿದರು. ಮುಂದೆ ಆನಿಮೇಷನ್ ಸಿನಿಮಾ ಮಾಡುವ ಪಿಕ್ಸಾರ್ ಕಂಪನಿ ಕಟ್ಟಿದವರಲ್ಲಿ ಅವರೂ ಒಬ್ಬರು.

ಸರಿ, ಚಪ್ಪಟೆ ಚಿತ್ರ ಉಬ್ಬುತಗ್ಗಿನ ಬಸ್ಸಿಗೆ ಹೊಂದುವುದು ಹೇಗೆ? ದರ್ಜಿಯನ್ನು ನೆನೆಸಿಕೊಳ್ಳಿ. ಅಂಗಿಯ ಹೊಲಿಗೆಯನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿದರೆ ತೋಳು, ಬೆನ್ನು, ಕಾಲರು ಬೇರೆ ಬೇರೆ ತುಂಡಾಗಿ ಕಾಣುತ್ತವೆ. ಬಸ್ಸನ್ನೂ ಹಾಗೇ ಬಿಚ್ಚಿ ಹರಡುತ್ತಾರೆ. ಈ ಹರಡಿದ ನಕ್ಷೆಗೆ ಯುವಿ ಮ್ಯಾಪ್ ಅನ್ನುತ್ತಾರೆ. ಎಕ್ಸ್, ವೈ, ಝೆಡ್ ಅಕ್ಷರಗಳು ಆಕಾರದ ಅಳತೆಗೆ ಹೋಗಿಬಿಟ್ಟಿವೆ. ಹಾಗಾಗಿ ಚಿತ್ರದ ಅಗಲ ಎತ್ತರಕ್ಕೆ ಯು, ವಿ. ಲಿವರಿಯ ಫೈಲು ತೆರೆದರೆ ಬಸ್ಸಿನ ಪಕ್ಕ, ಹಿಂಭಾಗ, ಮೂತಿ ಎಲ್ಲ ಹಪ್ಪಳ ಒಣಹಾಕಿದ ಹಾಗೆ ಬಿದ್ದಿರುತ್ತವೆ.

ಹುಡುಗ ಒಮ್ಮೆ ಇನ್ಯಾವುದೋ ಬಸ್ಸಿನ ಮಾಡೆಲ್ ಇಳಿಸಿಕೊಂಡು ಅದಕ್ಕೆ ತಾನೇ ಬಣ್ಣ ಬಳಿದ. ಎಡಗಡೆ ಅಕ್ಷರ ಚೆನ್ನಾಗಿ ಬಂತು. ಬಲಗಡೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ! ಆ ಮಾಡೆಲ್ ಮಾಡಿದವರು ಜಾಗ ಉಳಿಸಲು ಎರಡು ಪಕ್ಕಕ್ಕೂ ಚಿತ್ರದ ಒಂದೇ ತುಂಡನ್ನು ಹಂಚಿದ್ದರು. ಬರಿಯ ಪಟ್ಟೆಯಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಷರ ಬರೆದ ಕೂಡಲೇ ಗುಟ್ಟು ರಟ್ಟಾಯಿತು. ಇದಕ್ಕೆ ಚಿತ್ರದಲ್ಲಿ ಪರಿಹಾರ ಇಲ್ಲ, ಯುವಿ ಮ್ಯಾಪನ್ನೇ ಬದಲಿಸಬೇಕು. ಹಾಗೇ, ಒಂದು ಬಸ್ಸಿಗೆ ಮಾಡಿದ ಲಿವರಿಯನ್ನು ಇನ್ನೊಂದಕ್ಕೆ ಹಾಕಿದರೆ ಊರಿನ ಹೆಸರು ಹೋಗಿ ಚಕ್ರದ ಮೇಲೆ ಕೂರುತ್ತದೆ.

ಮೊದಲ ಸಲ ಕೈ ಹಾಕುವವರಿಗೆ ನಾನು ಹೇಳುವುದು ಚೌಕ ಇಟ್ಟಿಗೆಗಳ ಲೋಕದಲ್ಲಿ ಆಡುವ ಮೈನ್‌ಕ್ರಾಫ್ಟ್ ಗೇಮು, ಅದೂ ಕಂಪ್ಯೂಟರಿನ ಜಾವಾ ಆವೃತ್ತಿ. ಅಲ್ಲಿ ಒಂದು ಮಣ್ಣಿನ ಇಟ್ಟಿಗೆಯ ಚಿತ್ರ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಒಟ್ಟು 256 ಚುಕ್ಕಿ. ರಂಗೋಲಿ ಹಾಕಲು ಬಂದವರಿಗೆ ಇದು ಬರುತ್ತದೆ. ಗೇಮಿನ ಫೋಲ್ಡರಿನಲ್ಲಿ ವರ್ಷನ್ಸ್ ಒಳಗೆ ಒಂದು ಜಾರ್ ಫೈಲು ಇರುತ್ತದೆ. ಅದರ ಒಂದು ನಕಲು ತೆಗೆದುಕೊಂಡು, ಜಿಪ್ ಫೈಲಿನ ಹಾಗೆ ತೆರೆಯಿರಿ. ಅಸೆಟ್ಸ್, ಅದರೊಳಗೆ ಮೈನ್‌ಕ್ರಾಫ್ಟ್, ಅದರೊಳಗೆ ಟೆಕ್ಸ್ಚರ್ಸ್, ಅದರೊಳಗೆ ಬ್ಲಾಕ್. ಅಲ್ಲಿ ಡರ್ಟ್ ಎಂಬ ಹೆಸರಿನ ಪಿಎನ್‌ಜಿ ಚಿತ್ರ ಸಿಗುತ್ತದೆ. ಅದೇ ಮಣ್ಣು.

ಇದನ್ನು ಹೊರಗೆ ತೆಗೆದು ಗಿಂಪ್ ಅಥವಾ ಕ್ರಿಟಾ ಅನ್ನೋ ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ತಿದ್ದಿ. ಎರಡೂ ಪುಕ್ಕಟೆ. ಗಿಂಪ್‌ನಲ್ಲಾದರೆ ಬ್ರಷ್ ಬೇಡ, ಪೆನ್ಸಿಲ್ ಬಳಸಿ. ಬ್ರಷ್ ಅಂಚನ್ನು ಮಸುಕು ಮಾಡುತ್ತದೆ, 256 ಚುಕ್ಕಿಯಲ್ಲಿ ಮಸುಕಿಗೆ ಜಾಗ ಇಲ್ಲ. ತಿದ್ದಿದ್ದನ್ನು ಅದೇ ಹೆಸರಿನಲ್ಲಿ, ಅದೇ ಫೋಲ್ಡರುಗಳ ಸಾಲಿನಲ್ಲಿ ಇಡಬೇಕು. ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರ (ಕ್ಯಾಪಿಟಲ್) ಬರಬಾರದು. ಅಸೆಟ್ಸ್ ಪಕ್ಕದಲ್ಲಿ ಪ್ಯಾಕ್ ಡಾಟ್ ಎಂಸಿಮೆಟಾ ಅನ್ನೋ ಸಣ್ಣ ಫೈಲು ಬೇಕು. ಇದು ಯಾವ ಆವೃತ್ತಿಗೆ ಮಾಡಿದ್ದು ಎಂದು ಅದರಲ್ಲಿನ ಒಂದು ಸಂಖ್ಯೆ ಹೇಳುತ್ತದೆ. 1.20.1 ಆವೃತ್ತಿಗೆ ಅದು 15. ಇಷ್ಟನ್ನು ಜಿಪ್ ಮಾಡಿ ರಿಸೋರ್ಸ್ ಪ್ಯಾಕ್ಸ್ ಫೋಲ್ಡರಿಗೆ ಹಾಕಿದರೆ ಮುಗಿಯಿತು. ಮೊದಲು ಇದನ್ನೇ ಟೆಕ್ಸ್ಚರ್ ಪ್ಯಾಕ್ ಅನ್ನುತ್ತಿದ್ದರು. 2013ರಿಂದ ಸದ್ದು, ಭಾಷೆ ಕೂಡ ಬದಲಿಸಬಹುದಾಗಿ ಹೆಸರು ರಿಸೋರ್ಸ್ ಪ್ಯಾಕ್ ಆಯಿತು. ಆಡುತ್ತಿರುವಾಗಲೇ ಎಫ್3 ಒತ್ತಿ ಹಿಡಿದು ಟಿ ಒತ್ತಿದರೆ ಹೊಸ ಬಣ್ಣ ಕಣ್ಣೆದುರೇ ಬರುತ್ತದೆ.

ನನ್ನ ಮೊದಲ ಪ್ಯಾಕ್ ಬರಲೇ ಇಲ್ಲ. ಪಟ್ಟಿಯಲ್ಲಿ ಹೆಸರೂ ಕಾಣಲಿಲ್ಲ. ಒಂದು ಇಡೀ ಸಂಜೆ ತಲೆ ಕೆರೆದುಕೊಂಡೆ. ಆಮೇಲೆ ಗೊತ್ತಾಯಿತು, ಒಳಗಿನ ಫೈಲುಗಳನ್ನು ಆರಿಸಿ ಜಿಪ್ ಮಾಡುವ ಬದಲು ಹೊರಗಿನ ಫೋಲ್ಡರನ್ನೇ ಜಿಪ್ ಮಾಡಿದ್ದೆ. ಡಬ್ಬಿಯೊಳಗೆ ಡಬ್ಬಿ. ಗೇಮು ಮೊದಲ ಡಬ್ಬಿ ತೆರೆದು, ಏನೂ ಇಲ್ಲ ಎಂದು ಸುಮ್ನೆ ಕೂತಿತ್ತು. ಇನ್ನೊಂದು ಸಲ ಇಡೀ ಇಟ್ಟಿಗೆ ನೇರಳೆ–ಕಪ್ಪು ಚೌಕುಳಿಯಾಗಿ ಕಂಡಿತು. ಅದನ್ನು ನೋಡಿ ಗಾಬರಿ ಬೀಳಬೇಡಿ. ‘ಇಲ್ಲಿ ಇರಬೇಕಾದ ಚಿತ್ರ ಸಿಗಲಿಲ್ಲ’ ಎಂದು ಗೇಮು ಹೇಳುವ ರೀತಿ ಅದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹುಲ್ಲಿನ ಕತೆ. ಹುಲ್ಲಿನ ಇಟ್ಟಿಗೆಯ ಮೇಲ್ಭಾಗದ ಚಿತ್ರ ತೆರೆದರೆ ಅದು ಹಸಿರೇ ಅಲ್ಲ, ಬೂದು! ಫೈಲು ಕೆಟ್ಟಿದೆಯೇನೋ ಅನ್ನಿಸುತ್ತದೆ. ಕೆಟ್ಟಿಲ್ಲ. ಆ ಬೂದು ಬಣ್ಣದ ಮೇಲೆ ಗೇಮೇ ಹಸಿರು ಕೂಡಿಸುತ್ತದೆ. ಮಳೆಕಾಡಿನಲ್ಲಿ ಎದ್ದು ಕಾಣುವ ಹಸಿರು, ಒಣ ಬಯಲಿನಲ್ಲಿ ಹಳದಿ ಬೆರೆತ ಹಸಿರು. ಚಿತ್ರ ಒಂದೇ, ಪ್ರದೇಶಕ್ಕೊಂದು ಬಣ್ಣ. ಇದು ತಿಳಿಯದೆ ನೀವು ಮತ್ತೆ ಹಸಿರು ಬಳಿದರೆ ಹಸಿರಿಗೆ ಹಸಿರು ಸೇರಿ ಕಪ್ಪಿಟ್ಟ ಪಾಚಿಯ ಹಾಗಾಗುತ್ತದೆ. ಹುಲ್ಲಿನ ಎಳೆಗಳನ್ನು ಬದಲಿಸಬೇಕಿದ್ದರೆ ಬೂದು ಬಣ್ಣದಲ್ಲೇ ಬರೆಯಿರಿ.

ಎಲೆ, ಗಾಜು, ಕತ್ತಿ ಇವುಗಳ ಚಿತ್ರದಲ್ಲಿ ತೂತುಗಳಿರುತ್ತವೆ, ಅಂದರೆ ಏನೂ ಕಾಣಬಾರದ ಜಾಗ. ಈ ಮಾಹಿತಿ ಇರುವ ಪದರಕ್ಕೆ ಆಲ್ಫಾ ಅನ್ನುತ್ತಾರೆ. ಜೆಪೆಗ್‌ನಲ್ಲಿ ಆಲ್ಫಾ ಇಲ್ಲ. ಅದರಲ್ಲಿ ಒಮ್ಮೆ ಉಳಿಸಿದರೆ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಪಿಎನ್‌ಜಿ ಎಂದು ಹೆಸರು ಬದಲಿಸಿದರೂ ವಾಪಸ್ ಬರುವುದಿಲ್ಲ.

‘ಎಚ್‌ಡಿ ಮಾಡೋಣ, 4ಕೆ ಹಾಕೋಣ’ ಅನ್ನೋ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ನೋಡಿ. ಒಂದು ಪಿಕ್ಸೆಲಿಗೆ ಕೆಂಪು, ಹಸಿರು, ನೀಲಿ, ಆಲ್ಫಾ ಸೇರಿ 4 ಬೈಟ್. 1024 ಅಗಲ, 1024 ಎತ್ತರದ ಚಿತ್ರ ಮೆಮೊರಿಯಲ್ಲಿ 4 ಎಂಬಿ ಹಿಡಿಯುತ್ತದೆ. 4096ಕ್ಕೆ, ಅಂದರೆ 4ಕೆಗೆ ಏರಿಸಿದರೆ 64 ಎಂಬಿ. ಅಗಲ ಎತ್ತರ ಎರಡು ಪಟ್ಟಾದಾಗಲೆಲ್ಲ ಭಾರ ನಾಲ್ಕು ಪಟ್ಟು. ದೊಡ್ಡ ಗೇಮುಗಳು ಡಿಡಿಎಸ್‌ನಂಥ ಫೈಲುಗಳಲ್ಲಿ ಚಿತ್ರವನ್ನು ಹಿಂಡಿ ಇಡುವುದು ಇದಕ್ಕೇ. ಹಳೆ ಲ್ಯಾಪ್‌ಟಾಪಿಗೆ ನೂರಾರು 4ಕೆ ಚಿತ್ರ ತುರುಕಿ, ಗೇಮು ತಡವರಿಸುತ್ತಿದೆ ಎಂದು ಬೈದರೆ ಏನು ಬಂತು?

ಗಣಪನ ಮಾತಿಗೆ ಮತ್ತೆ ಬರೋಣ. ಮೈನ್‌ಕ್ರಾಫ್ಟ್‌ನಲ್ಲಿ ಲಾವಾದ ಚಿತ್ರಕ್ಕೆ ನೀಲಿ ಬಳಿದು ನೀರಿನ ಹಾಗೆ ಮಾಡಬಹುದು. ಕಾಲಿಟ್ಟರೆ ಸುಟ್ಟೇ ಸುಡುತ್ತದೆ. ಸುಡುವುದು ಗೇಮಿನ ಕೋಡಿನಲ್ಲಿದೆ, ಚಿತ್ರದಲ್ಲಿಲ್ಲ. ಹಾಗಂತ ಬಣ್ಣ ಬರೀ ಅಲಂಕಾರ ಅಂತಲೂ ಅಲ್ಲ. ಕಲ್ಲನ್ನೇ ಕಾಣದಂತೆ ಮಾಡಿ ನೆಲದೊಳಗಿನ ವಜ್ರ ತೋರಿಸುವ ಪ್ಯಾಕುಗಳೂ ಇವೆ. ಮನೆಯಲ್ಲಿ ಒಬ್ಬರೇ ಆಡುವಾಗ ಅದು ನಿಮ್ಮಿಷ್ಟ. ಹತ್ತು ಜನರ ಜೊತೆ ಸರ್ವರಿನಲ್ಲಿ ಆಡುವಾಗ ಅದು ಮೋಸ, ಹೊರಗೆ ಹಾಕುತ್ತಾರೆ. ಕೌಂಟರ್-ಸ್ಟ್ರೈಕ್‌ನಂಥ ಗೇಮಿನಲ್ಲಿ ಆಟಗಾರರ ಫೈಲು ಬದಲಾಗಿದೆಯೇ ಎಂದು ಸರ್ವರೇ ಪರೀಕ್ಷಿಸುವ ಏರ್ಪಾಡಿದೆ.

ಮೊನ್ನೆ ಹುಡುಗ ಮತ್ತೆ ಬಂದಿದ್ದ. ‘ಅಂಕಲ್, ಬಾಗಿಲು ಮುಂದೆ ಇದೆ, ನಮ್ಮ ಬಸ್ಸಿನ ಥರ ಹಿಂದೆ ಬರಬೇಕು. ಅದಕ್ಕೆ ಯಾವ ಚಿತ್ರ ತಿದ್ದಬೇಕು?’ ಎಂದ. ಚಿತ್ರ ತಿದ್ದಿದರೆ ಬಾಗಿಲಿನ ಚಿತ್ರ ಹಿಂದೆ ಬರುತ್ತೆ, ಜನ ಹತ್ತೋದು ಮುಂದಿನಿಂದಲೇ ಎಂದೆ. ಬಾಗಿಲು ಬೇಕಿದ್ದರೆ ಮಾಡೆಲ್ಲೇ ಬೇರೆ ಮಾಡಬೇಕು, ಅದಕ್ಕೆ ಬ್ಲೆಂಡರ್ ಅನ್ನೋ ಮಾಡೆಲ್ ಮಾಡುವ ಸಾಫ್ಟ್‌ವೇರ್ ಕಲಿಯಬೇಕು. ಮುಖ ಸಣ್ಣ ಮಾಡಿಕೊಂಡ. ಆಮೇಲೆ ಅಲ್ಲೇ ಕೂತು, ಬಸ್ಸಿನ ಬೋರ್ಡಿಗೆ ‘ಮೈಸೂರು’ ಎಂದು ಬರೆಯತೊಡಗಿದ.